ಪರದೆಯ ಆಚೆ ಇರುವವರು ಯಾರು?

ಮುಚ್ಚಿಡುವವನು ತಪ್ಪು ಮಾಡಿರಲೇಬೇಕು ಎಂಬ ಅನುಮಾನ ನಮ್ಮ ಸಮಾಜದಲ್ಲಿ ಸಾಮಾನ್ಯ. ಆದರೆ ಕಂಪ್ಲಿ ಬಳಿಯ ಮೆಟ್ರಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಮನೆ ಬಾಗಿಲಿಗೆ ಪರದೆ ಹಾಕಿದವರನ್ನು ನಾವು ಕಳ್ಳರೆನ್ನುವುದಿಲ್ಲ. ಮೊಬೈಲಿಗೆ ಹಾಕುವ ಪರದೆಯಾದ ವಿಪಿಎನ್ ಅನ್ನೂ ಇದೇ ನ್ಯಾಯದಿಂದ ತೂಗಬೇಕಲ್ಲವೇ?

ವಿಪಿಎನ್ ನಮ್ಮ ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿ, ಬೇರೊಂದು ಕಂಪೆನಿಯ ಸರ್ವರ್ ಮೂಲಕ ಕಳುಹಿಸುತ್ತದೆ. ನಾವು ಯಾವ ತಾಣಕ್ಕೆ ಹೋದೆವೆಂಬುದು ಇಂಟರ್ನೆಟ್ ಒದಗಿಸುವವರಿಗೆ ಕಾಣುವುದಿಲ್ಲ. ಸಾರ್ವಜನಿಕ ವೈಫೈ ಬಳಸುವವರಿಗೆ, ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ ಇದೊಂದು ರಕ್ಷಣೆ.

ಭಟ್ಕಳ, ಉಡುಪಿ, ಮಂಗಳೂರಿನ ಅನೇಕ ಕುಟುಂಬಗಳಿಗೆ ಇದು ಕರುಳಿನ ಪ್ರಶ್ನೆಯೂ ಹೌದು. ಯುಎಇ ದೇಶವು ವಾಟ್ಸಾಪ್ ಕರೆಗಳಿಗೆ ಹಲವು ವರ್ಷ ತಡೆಯೊಡ್ಡಿದಾಗ, ದುಡಿಯಲು ಹೋದವರಲ್ಲಿ ಕೆಲವರು ಮಕ್ಕಳ ಮುಖ ನೋಡಲು ವಿಪಿಎನ್ ಮೊರೆಹೋದರು. ಆದರೆ ಅಲ್ಲಿನ 2021ರ ಸೈಬರ್ ಕಾನೂನಿನ ಪ್ರಕಾರ, ಅಪರಾಧ ಎಸಗಲು ಅಥವಾ ಅದನ್ನು ಮರೆಮಾಚಲು ಐಪಿ ವಿಳಾಸ ಬದಲಿಸಿದವರಿಗೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಬೀಳಬಹುದು. ಉದ್ದೇಶ ಒಳ್ಳೆಯದೆಂದು ಕಾನೂನು ಮೀರಿದರೆ ಅದರ ಹೊರೆ ಊರಿನಲ್ಲಿರುವ ಮನೆಮಂದಿಯ ಮೇಲೂ ಬೀಳುತ್ತದೆ. ಹಾಗೆಂದು ತಂದೆ-ಮಗುವಿನ ಮಾತಿಗೆ ಅಡ್ಡಗೋಡೆ ಕಟ್ಟುವ ನಿಯಮ ನ್ಯಾಯವೆನಿಸುವುದೂ ಇಲ್ಲ.

ಇನ್ನೊಂದು ಅಪಾಯ ಪರದೆ ಮಾರುವವನಿಂದಲೇ ಬರುತ್ತದೆ. ಫೇಸ್‌ಬುಕ್ 2013ರಲ್ಲಿ ಖರೀದಿಸಿದ ಒನಾವೊ ಎಂಬ ಕಂಪೆನಿಯ ಉಚಿತ ವಿಪಿಎನ್, ರಕ್ಷಣೆಯ ಹೆಸರಿನಲ್ಲಿ ಜನರ ಮೊಬೈಲ್ ಬಳಕೆಯ ವಿವರಗಳನ್ನೇ ಸಂಗ್ರಹಿಸಿತು. ಇದನ್ನು ಸರಿಯಾಗಿ ತಿಳಿಸದ ಕಾರಣಕ್ಕೆ 2023ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಂದರೆ ವಿಪಿಎನ್ ನಮ್ಮ ಗುಟ್ಟನ್ನು ಅಳಿಸುವುದಿಲ್ಲ, ಒಬ್ಬರ ಕಣ್ಣಿನಿಂದ ತಪ್ಪಿಸಿ ಇನ್ನೊಬ್ಬರ ಕೈಗೆ ಒಪ್ಪಿಸುತ್ತದೆ.

ಸರಕಾರದ ವಾದವನ್ನೂ ಕೇಳಬೇಕು. ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಕಾಯ್ದಿಡಬೇಕೆಂದು ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ವಿಪಿಎನ್ ಕಂಪೆನಿಗಳಿಗೆ ಆದೇಶಿಸಿತು. ಎಕ್ಸ್‌ಪ್ರೆಸ್ ವಿಪಿಎನ್‌ನಂತಹ ಕಂಪೆನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಸುಳ್ಳು ಹೆಸರಿನಲ್ಲಿ ಹೆಣ್ಣುಮಗಳೊಬ್ಬಳನ್ನು ಬೆದರಿಸಿದವನು ಸಿಕ್ಕಿಬೀಳಲೇಬೇಕು. ಆದರೆ ಒಬ್ಬ ಕಳ್ಳನಿಗಾಗಿ ಊರಿನ ಎಲ್ಲ ಮನೆಗಳ ಪರದೆ ಕಿತ್ತುಹಾಕುವುದು ಸರಿಯೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಹಕ್ಕಿಗೆ ಮಿತಿ ಹಾಕುವುದಾದರೆ ಕಾನೂನಿನ ಆಧಾರ ಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು.

ಆದ್ದರಿಂದ ವಿಪಿಎನ್ ಬಳಸುವವರನ್ನು ಅಪರಾಧಿಗಳೆಂದು ನೋಡುವುದು ಬೇಡ, ಉಚಿತವೆಂದು ಸಿಕ್ಕಿದ್ದನ್ನೆಲ್ಲ ನಂಬುವುದೂ ಬೇಡ. ಯಾರ ಕೈಗೆ ನಮ್ಮನ್ನು ಒಪ್ಪಿಸುತ್ತಿದ್ದೇವೆ, ಈ ಮರೆಯಲ್ಲಿ ಇನ್ನೊಬ್ಬರಿಗೆ ಕೇಡಾಗುತ್ತಿದೆಯೇ ಎಂದು ವಿಚಾರಿಸಿಕೊಂಡೇ ಮುಂದುವರಿಯೋಣ.