ಚಿತ್ರ ಕೊಟ್ಟರಷ್ಟೇ ಸಾಲದು

1993ರಲ್ಲಿ ಬಂದ 'ಡೂಮ್' ಆಟದ ಕೋಡನ್ನು ಅದರ ತಯಾರಕರಾದ ಇಡ್ ಸಾಫ್ಟ್‌ವೇರ್ ಸಂಸ್ಥೆಯವರು 1997ರ ಕೊನೆಗೆ ಎಲ್ಲರಿಗೂ ಬಿಟ್ಟುಕೊಟ್ಟರು. ಆದರೆ ರಾಕ್ಷಸರ ಚಿತ್ರಗಳು, ಗೋಡೆ ನೆಲಗಳ ಟೆಕ್ಸ್ಚರ್‌ಗಳು, ಸದ್ದುಗಳು, ಹಂತಗಳ ನಕ್ಷೆಗಳು ಕಂಪನಿಯ ಹಕ್ಕಿನಲ್ಲೇ ಉಳಿದವು. ಹೀಗಾಗಿ ಆಟವನ್ನು ನಡೆಸುವ ಯಂತ್ರ ಎಲ್ಲರದಾಯಿತು, ಅದರಲ್ಲಿ ಆಡಲು ಬೇಕಾದ ಲೋಕ ಮಾತ್ರ ಯಾರಿಗೂ ದಕ್ಕಲಿಲ್ಲ. ಈ ಕೊರತೆ ತುಂಬಲು ಹೊರಟ 'ಫ್ರೀಡೂಮ್' ತಂಡದ ಸ್ವಯಂಸೇವಕರು ಒಂದೊಂದು ಪಿಶಾಚಿಯನ್ನೂ, ಒಂದೊಂದು ಬಾಗಿಲನ್ನೂ ಹೊಸದಾಗಿ ಬಿಡಿಸಬೇಕಾಯಿತು. ಎರಡು ದಶಕ ಕಳೆದರೂ ಆ ತಿದ್ದುವ ಕೆಲಸ ನಿಂತಿಲ್ಲ. ಮುಕ್ತ ತಂತ್ರಾಂಶದ ಚಳವಳಿ ಕೋಡ್ ಹಂಚಿಕೊಳ್ಳುವುದನ್ನು ದಿನನಿತ್ಯದ ರೂಢಿಯನ್ನಾಗಿ ಮಾಡಿದೆ. ಆಟಗಳ ಚಿತ್ರ ಮಾತ್ರ ಯಾಕೆ ಹಿಂದುಳಿಯಿತು? ಕಲಾವಿದರಿಗೆ ಕೊಡುವ ಮನಸ್ಸಿಲ್ಲ ಎನ್ನುವುದು ಅನ್ಯಾಯದ ಉತ್ತರ. ಚಿತ್ರಗಳ ಹಂಚಿಕೆಯನ್ನು ನಾವು ದಾನವೆಂದು ತಿಳಿದದ್ದೇ ತೊಡಕಿನ ಮೂಲ ಎಂಬುದು ನನ್ನ ವಾದ. ದಾನಕ್ಕೆ ಕೊಡುವವರ ಔದಾರ್ಯವೊಂದಿದ್ದರೆ ನಡೆಯುತ್ತದೆ. ಹಲವರು ಕೂಡಿ ಬಳಸುವ ಕಲೆಗೆ ಮೂರು ವಿಷಯಗಳಲ್ಲಿ ಮೊದಲೇ ಒಪ್ಪಂದ ಬೇಕು: ಹೇಗೆ ಬಿಡಿಸಬೇಕು, ಯಾರ ಹೆಸರು ಉಳಿಯಬೇಕು, ದುಡಿಮೆಗೆ ಯಾರು ಹಣ ಕೊಡಬೇಕು.

ಕೋಡ್ ಕಣ್ಣಿಗೆ ಬೀಳುವುದಿಲ್ಲ. ಹತ್ತು ಜನರು ಹತ್ತು ಶೈಲಿಯಲ್ಲಿ ಬರೆದ ತುಣುಕುಗಳನ್ನು ಒಂದು ಆಟದೊಳಗೆ ಜೋಡಿಸಿದರೆ, ಅವು ಒಂದಕ್ಕೊಂದು ಸರಿಯಾಗಿ ಮಾತಾಡಿಕೊಂಡರೆ ಆಯಿತು, ಆಡುವವನಿಗೆ ಭೇದವೇ ತಿಳಿಯದು. ಯಾವ ಮಾಹಿತಿ ಒಳಗೆ ಹೋಗಬೇಕು, ಯಾವುದು ಹೊರಗೆ ಬರಬೇಕು ಎಂಬುದು ಕೋಡಿನಲ್ಲಿ ಬರಹದಲ್ಲೇ ಇರುತ್ತದೆ. ಚಿತ್ರದ ನಿಯಮಗಳು ಕಲಾವಿದನ ಕೈಯಲ್ಲಿ ಹುದುಗಿರುತ್ತವೆ: ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಹೊರಗೆರೆ ಎಷ್ಟು ದಪ್ಪ, ಮನೆಯ ಬಾಗಿಲಿಗೆ ಹೋಲಿಸಿದರೆ ಮನುಷ್ಯ ಎಷ್ಟು ಎತ್ತರ, ನೋಟ ನೇರವೋ ಮೇಲಿನಿಂದಲೋ. 2009ರಲ್ಲಿ ಶುರುವಾದ 'ಓಪನ್ ಗೇಮ್ ಆರ್ಟ್' ಭಂಡಾರದಲ್ಲಿ ಮರಗಳಿಗೂ ಕೋಟೆಗಳಿಗೂ ಕತ್ತಿಗಳಿಗೂ ಬರವಿಲ್ಲ, ಎಲ್ಲಕ್ಕೂ ಮುಕ್ತ ಪರವಾನಗಿಯಿದೆ. ಆದರೂ ಒಬ್ಬರ ಮರ, ಇನ್ನೊಬ್ಬರ ಮನೆ, ಮತ್ತೊಬ್ಬರ ಸೈನಿಕನನ್ನು ತಂದು ಒಂದೇ ಪರದೆಯ ಮೇಲಿಟ್ಟರೆ ನೆರಳುಗಳು ಮೂರು ದಿಕ್ಕಿಗೆ ಬೀಳುತ್ತವೆ, ಸೈನಿಕ ತನ್ನ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಬಳಸಬಹುದೇ ಎಂಬ ಪ್ರಶ್ನೆಗೆ ಪರವಾನಗಿ ಉತ್ತರ ಕೊಡುತ್ತದೆ. ಹೊಂದುತ್ತದೆಯೇ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಕಾನೂನಿನ ಪ್ರಕಾರ ಎಲ್ಲರದಾದ ಚಿತ್ರ ಕೆಲಸದ ಹೊತ್ತಿಗೆ ಯಾರಿಗೂ ಒದಗದೆ ಹೋಗುವುದು ಇಲ್ಲಿ.

ಈ ಎರಡನೆಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು 2012ರ 'ಲಿಬರೇಟೆಡ್ ಪಿಕ್ಸೆಲ್ ಕಪ್'. ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಮೊಜಿಲ್ಲಾ ಮತ್ತು ಓಪನ್ ಗೇಮ್ ಆರ್ಟ್ ಕೂಡಿ ನಡೆಸಿದ ಆ ಸ್ಪರ್ಧೆಯಲ್ಲಿ ಜೂನ್ ತಿಂಗಳು ಚಿತ್ರಕ್ಕೆ, ಜುಲೈ ಆ ಚಿತ್ರಗಳಿಂದ ಆಟ ಕಟ್ಟುವುದಕ್ಕೆ ಮೀಸಲಾಗಿತ್ತು. ಸ್ಪರ್ಧೆಗೆ ಮುಂಚೆಯೇ ಸಂಘಟಕರು ಕಲಾವಿದರಿಂದ ಒಂದಿಷ್ಟು ಮೂಲ ಚಿತ್ರಗಳನ್ನು ಮಾಡಿಸಿ, ಒಂದು ಶೈಲಿ ಕೈಪಿಡಿಯನ್ನೂ ಕೊಟ್ಟಿದ್ದರು. ನೆಲದ ಚೌಕ 32 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರ. ನೋಟ ಹೇಗಿರಬೇಕು, ಬಣ್ಣ ನೆರಳುಗಳನ್ನು ಹೇಗೆ ಹಾಕಬೇಕು ಎಂಬುದೆಲ್ಲ ಅದರಲ್ಲಿತ್ತು. ಮನುಷ್ಯಾಕೃತಿಗೆ ನಿಗದಿತ ಮೈಕಟ್ಟು, ನಡಿಗೆಗೆ ಒಂದೇ ಹೆಜ್ಜೆಯ ಲೆಕ್ಕ. ಇಷ್ಟು ಗೊತ್ತಾದ ಮೇಲೆ ಯಾರೋ ಬಿಡಿಸಿದ ಜಡೆ, ಬೇರೆ ಯಾರೋ ಬಿಡಿಸಿದ ಅಂಗಿ, ಮೂರನೆಯವರ ಗುರಾಣಿ ಅದೇ ಮೈಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರುತ್ತವೆ. ಹತ್ತು ಬಗೆಯ ಕೂದಲು, ಹತ್ತು ಅಂಗಿ, ಹತ್ತು ಆಯುಧ, ಒಟ್ಟು ಮೂವತ್ತು ಚಿತ್ರಗಳು ಸೇರಿ ಸಾವಿರ ಪಾತ್ರಗಳಾಗುತ್ತವೆ. ಸ್ಪರ್ಧೆ ಮುಗಿದು ವರ್ಷಗಳಾದರೂ ಜನ ಅದೇ ಅಳತೆಗೆ ಹೊಸ ವೇಷಗಳನ್ನು ಸೇರಿಸುತ್ತಲೇ ಇದ್ದಾರೆ. ಕೈಯನ್ನು ಕಟ್ಟಿಹಾಕಿದಂತೆ ಕಾಣುವ ಕೈಪಿಡಿಯೇ, ಪರಸ್ಪರ ಮುಖ ನೋಡದ ಕಲಾವಿದರನ್ನು ಜೊತೆಗೆಲಸಗಾರರನ್ನಾಗಿ ಮಾಡಿತು.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಎಲ್ಲರೂ ಒಂದೇ ಅಳತೆ, ಒಂದೇ ಬಣ್ಣಗಳಿಂದ ಆಟ ಕಟ್ಟಿದರೆ ಎಲ್ಲ ಆಟಗಳೂ ಒಂದೇ ಥರ ಕಾಣುವುದಿಲ್ಲವೇ? ಭಯ ಆಧಾರವಿಲ್ಲದ್ದಲ್ಲ. ಅಂಗಡಿಯಿಂದ ಕೊಂಡ ಚಿತ್ರ ಮತ್ತು ಕೋಡನ್ನು ಹಾಗೆಹಾಗೇ ಹೊಲಿದು ಮಾರಾಟಕ್ಕಿಡುವ ಆಟಗಳು ಸ್ಟೀಮ್ ಮಾರುಕಟ್ಟೆಯಲ್ಲಿ ಎಷ್ಟು ತುಂಬಿದ್ದವೆಂದರೆ, 2017ರಲ್ಲಿ ಒಂದೇ ತಯಾರಕರ ನೂರಕ್ಕೂ ಹೆಚ್ಚು ಆಟಗಳನ್ನು ಅಲ್ಲಿಂದ ತೆಗೆದುಹಾಕಲಾಯಿತು. ಆದರೆ ಅದೇ ವರ್ಷ ಜಗತ್ತನ್ನೇ ಹಿಡಿದ 'ಪಬ್‌ಜಿ'ಯಲ್ಲೂ ಕೊಂಡು ತಂದ ಸಿದ್ಧ ಮಾದರಿಗಳು ಸಾಕಷ್ಟಿದ್ದವು. ಒಂದು ಕಡೆ ಕಸ, ಇನ್ನೊಂದು ಕಡೆ ಹೊಸದೊಂದು ಆಟದ ಪ್ರಕಾರವೇ ಜನಪ್ರಿಯವಾಯಿತು. ಹಾಗಿದ್ದರೆ ದೋಷ ಸಾಮಗ್ರಿಯದಲ್ಲ. ನಮ್ಮ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡುವವರು ಬಾಡಿಗೆಗೆ ತರುವ ಡ್ರಾಮಾ ಸೀನರಿಯನ್ನು ನೆನೆಯಬಹುದು. ಈ ಊರಿನ ದುರ್ಯೋಧನನ ಹಿಂದೆ ಇಳಿಬಿದ್ದ ದರ್ಬಾರಿನ ಪರದೆಯೇ ವಾರದ ಮೇಲೆ ಪಕ್ಕದೂರಿನ ದುರ್ಯೋಧನನ ಹಿಂದೆಯೂ ಇರುತ್ತದೆ. ಎರಡೂ ನಾಟಕ ನೋಡಿದವರು ತೂಗಿ ನೋಡುವುದು ಪಾತ್ರಧಾರಿಯ ಕಂಠವನ್ನು, ನಿಲುವನ್ನು. ಆಟದಲ್ಲೂ ಹಾಗೆ: ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಸೋಲು ಎಷ್ಟು ನೋಯಿಸಬೇಕು ಎಂಬ ನಿರ್ಧಾರಗಳಲ್ಲಿ ಅದರ ಸ್ವಂತಿಕೆ ಇರುತ್ತದೆ. ಚಿತ್ರವೇ ಆಟದ ಜೀವಾಳವಾದ ಕೃತಿಗಳೂ ಉಂಟು, ಅವಕ್ಕೆ ಹಂಚಿಕೆಯ ಭಂಡಾರ ಒದಗದು. ಒದಗಬೇಕೆಂದೂ ಇಲ್ಲ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಪುಕ್ಕಟೆ ಸಿಗುವ ಚಿತ್ರ ಕಲಾವಿದನ ಕೂಲಿಯನ್ನು ಕಡಿಯುತ್ತದೆ ಎಂಬ ಮಾತಿಗೆ ಬೆಂಗಳೂರಿಗಿಂತ ಒಳ್ಳೆಯ ಪರೀಕ್ಷಾಸ್ಥಳ ಸಿಗದು. 1997ರಲ್ಲಿ ಅಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಎರಡು ದಶಕಗಳ ಕಾಲ ವಿದೇಶಿ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟಿತು. 2019ರಲ್ಲಿ ಅದು ರಾಕ್‌ಸ್ಟಾರ್ ಆಟ ಕಂಪನಿಯ ಕೈಸೇರಿತು. ಇಂಥ ಕೆಲಸದಲ್ಲಿ ಸಂಬಳ ಬರುತ್ತದೆ, ಹಕ್ಕು ಬರುವುದಿಲ್ಲ. ನೌಕರಿಯಲ್ಲಿದ್ದು ಮಾಡಿದ ಕೃತಿಯ ಮೊದಲ ಒಡೆಯ, ಬೇರೆ ಕರಾರಿಲ್ಲದಿದ್ದರೆ, ಉದ್ಯೋಗದಾತ ಎಂದು ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯೇ ಹೇಳುತ್ತದೆ. ಆಟ ಮಾರುಕಟ್ಟೆಯಿಂದ ಮರೆಯಾದರೆ ಆ ಚಿತ್ರಗಳೂ ಕಂಪನಿಯ ಕಪಾಟಿನಲ್ಲಿ ಸಾಯುತ್ತವೆ, ಬಿಡಿಸಿದವನೂ ಮುಟ್ಟುವಂತಿಲ್ಲ. ಹಾಗಾಗಿ ಕೂಲಿಗೂ ಹಂಚಿಕೆಗೂ ಹುಟ್ಟುಹಗೆತನವಿದೆ ಎನ್ನುವುದಕ್ಕಿಂತ, ಹಣ ಯಾವ ಹಂತದಲ್ಲಿ ಸಂದಾಯವಾಗಬೇಕು ಎಂದು ಕೇಳುವುದು ಮೇಲು. 'ಗ್ಲಿಚ್' ಎಂಬ ಆಟ 2012ರ ಡಿಸೆಂಬರ್‌ನಲ್ಲಿ ಮುಚ್ಚಿತು. ಮರುವರ್ಷ ಅದನ್ನು ಕಟ್ಟಿದ್ದ ಟೈನಿ ಸ್ಪೆಕ್ ಕಂಪನಿ ಅದರ ಚಿತ್ರಭಂಡಾರವನ್ನು ಯಾವ ಷರತ್ತೂ ಇಲ್ಲದೆ ಸಾರ್ವಜನಿಕ ಸ್ವತ್ತಾಗಿ ಬಿಟ್ಟಿತು. ಕಲಾವಿದರಿಗೆ ಸಂಬಳ ಆಗಲೇ ಸಂದಿತ್ತು, ಕೃತಿಗೆ ಎರಡನೆಯ ಜನ್ಮ ಆಮೇಲೆ ಬಂತು. 2018ರಲ್ಲಿ ಎಪಿಕ್ ಕಂಪನಿ ಕೂಡ ತಾನು ಮುಚ್ಚಿದ 'ಪ್ಯಾರಗಾನ್' ಆಟದ ಸುಮಾರು 1.2 ಕೋಟಿ ಡಾಲರ್ ಬೆಲೆಯ ಸಾಮಗ್ರಿಯನ್ನು ಪುಕ್ಕಟೆ ಕೊಟ್ಟಿತು, ಆದರೆ ತನ್ನ ಅನ್‌ರಿಯಲ್ ಎಂಜಿನ್‌ನಲ್ಲಿ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ. ಮೊದಲನೆಯದು ಎಲ್ಲರ ಭಂಡಾರ ಸೇರಿತು, ಎರಡನೆಯದು ಗಿರಾಕಿಗಳನ್ನು ಸೆಳೆಯುವ ಉಚಿತ ಮಾಲಾಯಿತು.

ಇನ್ನು ಹೆಸರಿನ ಮಾತು. ಹಾಲೆಂಡಿನ ಕೆನ್ನಿಯಂಥವರು ತಮ್ಮ ಸಾವಿರಾರು ಚಿತ್ರಗಳನ್ನು ಹೆಸರು ಹೇಳಬೇಕೆಂಬ ನಿರ್ಬಂಧವೂ ಇಲ್ಲದ ಸಿಸಿ ಜೀರೋ ಅಡಿಯಲ್ಲಿ ಕೊಡುತ್ತಾರೆ. ಅದು ಅನುಕೂಲ, ಕಲಿಯುವವರಿಗಂತೂ ವರ. ಹಲವರ ಕೈ ಸೇರಿದ ಭಂಡಾರಕ್ಕೆ ಮಾತ್ರ ಹೆಸರು ಉಳಿಸುವ ಪರವಾನಗಿಯೇ ಲೇಸು ಎನ್ನುತ್ತೇನೆ. ಲಿಬರೇಟೆಡ್ ಪಿಕ್ಸೆಲ್ ಕಪ್‌ನ ಚಿತ್ರಗಳಿಂದ ಪಾತ್ರ ಕಟ್ಟಿಕೊಡುವ ಉಪಕರಣ ಒಂದೊಂದು ಪಾತ್ರದ ಜೊತೆಗೆ ಅದನ್ನು ಬಿಡಿಸಿದವರೆಲ್ಲರ ಪಟ್ಟಿಯನ್ನೂ ಕೊಡುತ್ತದೆ. ಅದು ಹೊರೆ ಎಂದು ಗೊಣಗುವವರಿದ್ದಾರೆ; ಈ ಪಟ್ಟಿಯ ಬೆಲೆ ತಿಳಿಯುತ್ತಿರುವುದು ಈಗ. 2022ರಿಂದೀಚೆ ಬಂದ, ಚಿತ್ರ ಸೃಷ್ಟಿಸುವ ಹಲವು ಎಐ ಉಪಕರಣಗಳು ಯಾರನ್ನೂ ಕೇಳದೆ ಅಂತರ್ಜಾಲದಿಂದ ಬಾಚಿದ ಕೋಟಿಗಟ್ಟಲೆ ಚಿತ್ರಗಳ ಮೇಲೆ ನಿಂತಿವೆ. ಕ್ಷಣಾರ್ಧದಲ್ಲಿ ಚಿತ್ರ ಸಿಗುವಾಗ ಭಂಡಾರ ಯಾಕೆ ಎಂದು ಕೇಳುವವರಿಗೆ ಉತ್ತರ ಇದು: ಭಂಡಾರದ ಚಿತ್ರ ಎಲ್ಲಿಂದ ಬಂತೆಂದು ಹೇಳಬಹುದು, ಬಿಡಿಸಿದವರು ಒಪ್ಪಿ ಕೊಟ್ಟದ್ದೆಂದು ತೋರಿಸಬಹುದು. ಆಟಗಳಲ್ಲಿ ಎಐ ಬಳಕೆಯಾಗಿದ್ದರೆ ತಿಳಿಸಲೇಬೇಕೆಂದು ಸ್ಟೀಮ್ 2024ರ ಜನವರಿಯಲ್ಲಿ ನಿಯಮ ತಂದಿತು. ಮೂಲ ಹೇಳಬಲ್ಲ ಚಿತ್ರಕ್ಕೆ ಮಾರುಕಟ್ಟೆಯಲ್ಲೂ ಬೆಲೆ ಬರುತ್ತಿದೆ ಎಂದಾಯಿತು.

ಒಪ್ಪಂದದ ಮೂರೂ ಅಂಗಗಳನ್ನು ಒಟ್ಟಿಗೆ ನೋಡಿದರೆ ಈಗಿರುವ ಭಂಡಾರಗಳ ಮಿತಿಯೂ ಕಾಣುತ್ತದೆ. ಅವುಗಳಲ್ಲಿ ಯುರೋಪಿನ ನಡುಗಾಲದ ಕೋಟೆ, ಕವಚಧಾರಿ ಸೈನಿಕ, ನೆಲಮಾಳಿಗೆಗಳೇ ರಾಶಿಯಾಗಿವೆ. ಹೊಯ್ಸಳ ಗುಡಿಯ ಕಂಬವನ್ನೋ ಮಲೆನಾಡಿನ ಹೆಂಚಿನ ಮನೆಯನ್ನೋ ಹುಡುಕಿ ಹೋದವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಇದನ್ನು ಯಾರ ಪಕ್ಷಪಾತವೆಂದೂ ದೂರಬೇಕಿಲ್ಲ, ಬಿಡಿಸಿ ಕೊಟ್ಟವರ ಲೋಕ ಅದಾಗಿತ್ತು, ಅಷ್ಟೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು ದೇಶದಲ್ಲೇ ಮೊದಲು, 2012ರಲ್ಲಿ, ಪ್ರತ್ಯೇಕ ನೀತಿ ತಂದ ರಾಜ್ಯ ಕರ್ನಾಟಕ. ಕಂಪನಿಗಳಿಗೆ ರಿಯಾಯಿತಿ ಕೊಡುವುದರ ಜೊತೆಗೆ ಸಾರ್ವಜನಿಕ ಹಣದ ಒಂದು ಪಾಲನ್ನು ಒಂದು ಮೂಲ ಗಂಟಿಗೆ ಹಾಕಬಹುದು: ಕೂಲಿ ಕೊಟ್ಟು ಕಲಾವಿದರಿಂದ ಮಾಡಿಸಿದ ಕಂಬ, ಚಾವಣಿ, ಉಡುಗೆ, ಗಿಡಮರಗಳು, ಅವಕ್ಕೊಂದು ಶೈಲಿ ಕೈಪಿಡಿ, ಹೆಸರು ಉಳಿಸುವ ಪರವಾನಗಿ. ಸರ್ಕಾರದ ಕೈಪಿಡಿ ಸೃಜನಶೀಲತೆಯನ್ನು ಕೊಲ್ಲುತ್ತದೆ ಎನ್ನುವವರ ಭಯಕ್ಕೆ ಪರಿಹಾರ, ಅದನ್ನು ಕಲಾವಿದರೇ ಬರೆಯುವುದು ಮತ್ತು ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಲು ಎಲ್ಲರಿಗೂ ಸ್ವಾತಂತ್ರ್ಯವಿರುವುದು. ಇಂಥ ಅಡಿಪಾಯ ಸಿಕ್ಕರೆ ಧಾರವಾಡದಲ್ಲಿ ಕೂತು ಒಬ್ಬಂಟಿಯಾಗಿ ಆಟ ಕಟ್ಟುವ ವಿದ್ಯಾರ್ಥಿನಿಗೆ ಮೊದಲ ಕಂಬ ಬಿಡಿಸುವುದರಲ್ಲೇ ವರ್ಷ ಕಳೆಯದು. ತಾನು ಬಿಡಿಸಿದ ಹೊಸ ಕಂಬವನ್ನು ಅದೇ ಅಳತೆಯಲ್ಲಿ, ತನ್ನ ಹೆಸರಿನೊಡನೆ ಅವಳು ಮರಳಿ ಗಂಟಿಗೆ ಸೇರಿಸುವಂತಾದಾಗ ಹಂಚಿಕೆ ಯಾರದೋ ಔದಾರ್ಯವನ್ನು ಕಾಯಬೇಕಾಗುವುದಿಲ್ಲ.