ಅಂಕಗಳು ಯಾರ ಗಳಿಕೆ?

ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಬಾಲಕನನ್ನು ಜಾಣನೆಂದೂ ತೇರ್ಗಡೆಯಾಗದವನನ್ನು ದಡ್ಡನೆಂದೂ ಕರೆಯುವುದು ಲೋಕರೂಢಿ. ಈ ರೂಢಿಯು ನ್ಯಾಯವಾದುದೇ ಎಂಬುದು ವಿಚಾರಾರ್ಹವಾಗಿದೆ.

೨೦೨೪ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯ ವಿದ್ಯಾರ್ಥಿಗಳು ನೂರಕ್ಕೆ ೯೪ರಂತೆ ತೇರ್ಗಡೆ ಹೊಂದಿದರು. ಯಾದಗಿರಿಯವರು ನೂರಕ್ಕೆ ೫೦ಕ್ಕಿಂತ ತುಸುವೇ ಹೆಚ್ಚು. ಪಟ್ಟಣ-ಹಳ್ಳಿಗಳ ಭೇದವೇ ಇದಕ್ಕೆ ಕಾರಣವೆಂದು ಥಟ್ಟನೆ ಹೇಳಿಬಿಡುವವರುಂಟು. ಆದರೆ ಎರಡು ಜಿಲ್ಲೆಗಳಲ್ಲಿಯೂ ಹಳ್ಳಿಗಾಡಿನ ಜನರೇ ಹೆಚ್ಚು. ಹಾಗಾದರೆ ದೇವರು ಯಾದಗಿರಿಯ ಮಕ್ಕಳಿಗೆ ಬುದ್ಧಿಯನ್ನು ಅರ್ಧವೇ ಹಂಚಿದನೆ? ಹಾಗೆನ್ನಲು ಯಾವ ವಿವೇಕಿಗೂ ನಾಲಗೆ ಏಳಲಾರದು.

೨೦೧೧ರ ಜನಗಣತಿಯಂತೆ ಉಡುಪಿಯಲ್ಲಿ ಅಕ್ಷರಸ್ಥರು ನೂರಕ್ಕೆ ೮೬, ಯಾದಗಿರಿಯಲ್ಲಿ ೫೨. ಹಿರಿಯರ ಅಕ್ಷರಭಾಗ್ಯವೇ ಮಕ್ಕಳ ಅಂಕಪಟ್ಟಿಯಲ್ಲಿ ಮರಳಿ ಮೂಡಿತೆಂದರೆ ಅತ್ಯುಕ್ತಿಯಾಗದು. ಇದರ ಬೇರು ಇನ್ನೂ ಆಳವಾದುದು. ಬಾಸೆಲ್ ಮಿಶನ್ನಿನ ಪಾದ್ರಿಗಳು ೧೮೩೪ರಲ್ಲಿಯೇ ಮಂಗಳೂರಿಗೆ ಬಂದಿಳಿದು, ಕೆಲಕಾಲದಲ್ಲಿಯೇ ಕರಾವಳಿಯಲ್ಲಿ ಶಾಲೆಗಳನ್ನು ತೆರೆದರು. ಯಾದಗಿರಿಯಾದರೋ ೧೯೪೮ರ ವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿ ಪ್ರೌಢಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಕನ್ನಡದ ಕೂಸು ಪಾಠಕ್ಕೆ ಮೊದಲು ಪರಭಾಷೆಯನ್ನೇ ಗೆಲ್ಲಬೇಕಾಗಿತ್ತು.

ಇಂದಿಗೂ ಅಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಶಾಲೆಯ ಹಾಜರಿ ಇಳಿಯುತ್ತದೆ. ತಾಯಿ ಹೊಲಕ್ಕೆ ಹೋದರೆ ಕಿರಿಯ ಕೂಸನ್ನು ಕಾಯುವವಳು ಹತ್ತನೆಯ ತರಗತಿಯ ಅಕ್ಕ. ಪಟ್ಟಣದ ಅನುಕೂಲಸ್ಥರ ಮಗನಿಗೆ ಓದಲು ಬೇರೆ ಕೋಣೆ, ಸಂಜೆ ಮನೆಪಾಠ. ಇಬ್ಬರಿಗೂ ಪ್ರಶ್ನಪತ್ರಿಕೆ ಒಂದೇ, ಗಡಿಯಾರವೂ ಒಂದೇ. ಸಮತೆಯು ಆ ಮೂರು ತಾಸಿಗೆ ಮಾತ್ರ.

ಹಾಗಾದರೆ ಗೆದ್ದವನ ಶ್ರಮಕ್ಕೆ ಬೆಲೆಯಿಲ್ಲವೆ? ಉಂಟು. ಆದರೆ ಶ್ರಮಪಡಲು ದೊರೆತ ಬಿಡುವು ಅವನ ಗಳಿಕೆಯಲ್ಲ. ಅದು ಮನೆಯವರು ಕೊಟ್ಟದ್ದು. ೨೦೨೪ರಲ್ಲಿ ಪರೀಕ್ಷಾ ಮಂಡಲಿಯವರು ಕೃಪಾಂಕವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದರು. ಅದರಿಂದ ತೇರ್ಗಡೆಯಾದವರ ಎಣಿಕೆ ಬೆಳೆಯಿತು. ಕಲಿಯದೆ ಉಳಿದ ಭಿನ್ನರಾಶಿ ಹಾಗೆಯೇ ಉಳಿಯಿತು.

ವೃತ್ತಿಶಿಕ್ಷಣದ ಪ್ರವೇಶದಲ್ಲಿ, ಮೊದಲನೆಯ ತರಗತಿಯಿಂದ ಹತ್ತನೆಯ ವರೆಗೆ ಹಳ್ಳಿಯಲ್ಲಿ ಓದಿದವರಿಗೆ ಕರ್ನಾಟಕ ಸರ್ಕಾರವು ನೂರಕ್ಕೆ ೧೫ ಸ್ಥಾನಗಳನ್ನು ಮೀಸಲಿಟ್ಟಿದೆ. ಉದ್ದೇಶವೇನೋ ಉದಾರವಾದುದೇ. ಆದರೆ ಈ ಲೆಕ್ಕದಲ್ಲಿ ಕುಂದೂ ಉಂಟು. ಯಾದಗಿರಿಯ ಕೂಲಿಕಾರನೊಬ್ಬನು ಹೊಟ್ಟೆಪಾಡಿಗಾಗಿ ಸಂಸಾರಸಮೇತ ಬೆಂಗಳೂರಿಗೆ ಹೋಗಿ, ಕಟ್ಟಡದ ಮಗ್ಗುಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡು, ಮಗಳನ್ನು ಅಲ್ಲಿಯ ಎಂಟನೆಯ ತರಗತಿಗೆ ಸೇರಿಸಿದರೆ, ಆ ಹುಡುಗಿಯು ಅಂದಿನಿಂದ ಪಟ್ಟಣದವಳೆನಿಸಿಕೊಳ್ಳುತ್ತಾಳೆ.