ತವರವೋ ಸೀಸವೋ

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ರಂಜಾನ್ ಹಬ್ಬಕ್ಕೆ ಊರಿಗೆ ಬಂದಿದ್ದಾಗ ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ. ಅವನ ಕಾಲೇಜಿನಲ್ಲಿ ವ್ಯಕ್ತಿತ್ವ ವಿಕಸನದ ಶಿಬಿರ ನಡೆದಿತ್ತಂತೆ. ಹಾಳೆಯ ಮೇಲ್ಭಾಗದಲ್ಲಿ ‘ನನ್ನ ಜೀವನದ ಉದ್ದೇಶ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ಒಂದೇ ಒಂದು ಗೆರೆ. ಇಪ್ಪತ್ತು ನಿಮಿಷದೊಳಗೆ ಆ ಗೆರೆಯನ್ನು ತುಂಬಬೇಕಿತ್ತು. ಪಕ್ಕದವರೆಲ್ಲ ತುಂಬಿದ್ದರು. ಒಬ್ಬನಿಗೆ ಐಎಎಸ್, ಇನ್ನೊಬ್ಬನಿಗೆ ಸ್ವಂತ ಕಂಪನಿ, ಮತ್ತೊಬ್ಬಳಿಗೆ ಸಮಾಜಸೇವೆ. ಇವನ ಗೆರೆ ಮಾತ್ರ ಖಾಲಿ.

“ಎಲ್ರಿಗೂ ಒಂದು ಉದ್ದೇಶ ಇದೆ ಮಾಮೂ. ನನಗೆ ಮಾತ್ರ ಇಲ್ಲ ಅನ್ಸುತ್ತೆ” ಎಂದ. ತಮಾಷೆಗೆ ಹೇಳಿದ್ದಲ್ಲ. ಹುಡುಗ ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಅಕ್ಕ ಆಗಲೇ ಹೇಳಿದ್ದಳು.

ನನ್ನ ಬಳಿ ಒಂದು ಉತ್ತರ ಸಿದ್ಧವಾಗಿತ್ತು. ಶುಕ್ರವಾರದ ಖುತ್ಬಾದಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ: ಮನುಷ್ಯನನ್ನು ಸೃಷ್ಟಿಸಿರುವುದು ಇಬಾದತ್‌ಗಾಗಿ. ನಾನು ಅದನ್ನು ನಂಬುತ್ತೇನೆ. ಆದರೆ ಅದು ಇಡೀ ಮನುಷ್ಯಕುಲಕ್ಕೆ ಕೊಟ್ಟ ಉತ್ತರ. ಈ ಹುಡುಗ ಕೇಳುತ್ತಿದ್ದುದು ಸೋಮವಾರ ಬೆಳಗ್ಗೆ ತಾನು ಏಕೆ ಎದ್ದು ಹೊರಡಬೇಕು ಎಂದು. ಎರಡು ಪ್ರಶ್ನೆಗಳ ನಡುವೆ ಬಹಳ ದೂರವಿದೆ, ಆ ದೂರವನ್ನು ಆಯಾ ಮನುಷ್ಯನೇ ನಡೆದು ಮುಗಿಸಬೇಕು. ಹಾಗಾಗಿ ಸಿದ್ಧ ಉತ್ತರ ನುಂಗಿಕೊಂಡು ಅವನಿಗೆ ಅವನ ನಾನಾನ, ಎಂದರೆ ನನ್ನ ಅಬ್ಬಾನ, ವಿಷಯ ಹೇಳತೊಡಗಿದೆ. ಅವನು ಅವರನ್ನು ಕಂಡಿದ್ದು ಎಳೆತನದಲ್ಲಿ. ಮುಖ ನೆನಪಿಲ್ಲ.

ಅಬ್ಬಾ ಕಲಾಯಿ ಹಾಕುವವರು. ಅರಸೀಕೆರೆ, ತಿಪಟೂರು ಕಡೆಯ ಹಳ್ಳಿಗಳಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ, ‘ಕಲಾಯಿ ಸಾಬ್ರು’ ಅಷ್ಟೆ. ಹಿತ್ತಾಳೆ ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ, ಮಜ್ಜಿಗೆ ಇಟ್ಟರೆ, ಕಿಲುಬು ಬಿಟ್ಟು ವಿಷವಾಗುತ್ತದೆ. ಅದಕ್ಕೇ ಒಳಮೈಗೆ ತವರದ ಲೇಪ. ಯುಗಾದಿ, ದೀಪಾವಳಿಗಳ ಮುಂಚೆ, ಮದುವೆಯ ತಿಂಗಳುಗಳಲ್ಲಿ ಅವರಿಗೆ ಬಿಡುವಿರುತ್ತಿರಲಿಲ್ಲ. ಊರ ಅರಳಿಕಟ್ಟೆಯ ಹತ್ತಿರ ನೆಲದಲ್ಲಿ ಸಣ್ಣ ಗುಂಡಿ ತೋಡಿ, ತಿದಿಯ ಕೊಳವೆ ಹೂತು, ಮಣ್ಣು ಮೆತ್ತಿ, ಇದ್ದಿಲು ಸುರಿದು ಕೂರುತ್ತಿದ್ದರು. ದೊಡ್ಡ ಹಂಡೆಯ ಒಳಗೆ ಮರಳು, ಗೋಣಿಚೂರು ಹಾಕಿ ನನ್ನನ್ನು ಇಳಿಸುತ್ತಿದ್ದರು. ಅಂಚು ಹಿಡಿದುಕೊಂಡು ಪಾದ ತಿರುವಿ ತಿರುವಿ ತಿಕ್ಕಬೇಕು. ನೋಡುವವರಿಗೆ ಹುಡುಗ ಕುಣಿಯುತ್ತಿದ್ದಾನೆ ಅನ್ನಿಸುತ್ತಿತ್ತು. ಆಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎಸೆದರೆ ಬಿಳಿ ಹೊಗೆ ಏಳುತ್ತಿತ್ತು. ಆ ಕ್ಷಣಕ್ಕೆ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ಉಸಿರಿಗೆ ಸುತ್ತ ಒರೆಸುತ್ತಿದ್ದರು. ಕಪ್ಪಗಿದ್ದ ಒಳಮೈ ಬೆಳ್ಳಿಯಾಗುತ್ತಿತ್ತು. ಆ ಹೊಳಪನ್ನು ನಾನು ಈ ವಯಸ್ಸಿನಲ್ಲೂ ಕನಸಿನಲ್ಲಿ ಕಾಣುತ್ತೇನೆ.

ನನ್ನ ಮದುವೆಯ ಹಿಂದಿನ ರಾತ್ರಿ ಅಬ್ಬಾ ನನ್ನನ್ನು ಹಿತ್ತಲಿಗೆ ಕರೆದು ಒಂದು ಮಾತು ಹೇಳಿದರು. ಮದುವೆ ಗಂಡಿಗೆ ತಂದೆ ಹೇಳುವಂಥ ಮಾತೇನೂ ಅಲ್ಲ. ಅಕ್ಕನ ನಿಕಾಹ್ ಗೊತ್ತಾದ ವರ್ಷ ಕೈಯಲ್ಲಿ ದುಡ್ಡಿರಲಿಲ್ಲ. ತವರ ತುಟ್ಟಿ, ಸೀಸ ಅಗ್ಗ. ತವರಕ್ಕೆ ಸೀಸ ಬೆರೆಸಿದರೆ ಕರಗುವುದೂ ಸುಲಭ, ಹಾಕಿದ ದಿನ ಹೊಳಪೂ ಹೆಚ್ಚು ಕಡಿಮೆ ಅಷ್ಟೇ. ಇದೇ ಕಸುಬಿನವರೊಬ್ಬರು ಹೇಳಿಕೊಟ್ಟರು. ಅಬ್ಬಾ ಸುಮಾರು ಒಂದು ತಿಂಗಳು ಹಾಗೆ ಮಾಡಿದರು. ಸೀಸ ವಿಷ ಎಂದು ಅವರಿಗೆ ಗೊತ್ತಿತ್ತು. ಒಂದು ಮನೆಯ ಕೂಸಿಗೆ ಹೊಟ್ಟೆನೋವು ಎಂಬ ಸುದ್ದಿ ಸಂತೆಯಲ್ಲಿ ಕಿವಿಗೆ ಬಿತ್ತು. ಒಂದು ಸಲ ಅಡುಗೆ ಮಾಡಿದ್ದಕ್ಕೇ ಹಾಗಾಗಲಾರದು, ಕಾರಣ ಬೇರೆ ಇದ್ದಿರಬೇಕು ಎಂದು ಅವರಿಗೂ ಅನ್ನಿಸಿತ್ತು. ಆದರೆ ನಿದ್ದೆ ಬರಲಿಲ್ಲ. ಆ ತಿಂಗಳು ಹಾಕಿದ ಅಷ್ಟೂ ಮನೆಗಳಿಗೆ ಹೋಗಿ, ಹೋದ ಸಲದ ಮಾಲು ಸರಿಯಿರಲಿಲ್ಲ ಅಂತ ಮಾತ್ರ ಹೇಳಿ, ಕಾಸು ಮುಟ್ಟದೆ ಎಲ್ಲ ಪಾತ್ರೆಗಳನ್ನೂ ಉಜ್ಜಿ ತೆಗೆದು ಮತ್ತೆ ಕಲಾಯಿ ಹಾಕಿದರು. ಅದಕ್ಕೆ ಬೇಕಾದ ತವರವನ್ನು ಸಾಲ ಮಾಡಿ ತಂದರು. ಅಕ್ಕನ ಮದುವೆ ಒಂದು ವರ್ಷ ಮುಂದೆ ಹೋಯಿತು. ಏಕೆ ಹೋಯಿತೆಂದು ಅಕ್ಕನಿಗೆ ಇಂದಿಗೂ ಗೊತ್ತಿರಲಿಲ್ಲ. ಈ ಬರಹ ಓದಿ ತಿಳಿಯುತ್ತದೆ.

“ಆವತ್ತಿನವರೆಗೆ ನಾನು ದುಡ್ಡಿಗೆ ಕಲಾಯಿ ಹಾಕ್ತಿದ್ದೆ. ಆಮೇಲೂ ದುಡ್ಡಿಗೇ ಹಾಕ್ದೆ. ಆದ್ರೆ ಪಾತ್ರೆ ಮುಟ್ಟಿದಾಗೆಲ್ಲ ಅದರಲ್ಲಿ ಉಣ್ಣೋರ ನೆನಪಾಗೋದು” ಎಂದರು ಅಬ್ಬಾ. ನನಗೆ ಅಂದು ಅದು ಅರ್ಥವಾಗಲಿಲ್ಲ.

ಅರ್ಥವಾದದ್ದು ಬಹಳ ವರ್ಷಗಳ ನಂತರ, ಇಮಾಮ್ ಗಝ್ಝಾಲಿಯವರ ಆತ್ಮಕಥನವನ್ನು ಉರ್ದುವಿನಲ್ಲಿ ಓದುವಾಗ. ‘ಅಲ್ ಮುನ್‌ಕಿದ್’ ಎಂಬ ಆ ಚಿಕ್ಕ ಪುಸ್ತಕವನ್ನು ಅವರು ಬದುಕಿನ ಕೊನೆಯ ವರ್ಷಗಳಲ್ಲಿ ಬರೆದರು. ಗಝ್ಝಾಲಿ ಹುಟ್ಟಿದ್ದು 1058ರಲ್ಲಿ, ಈಗಿನ ಇರಾನಿನ ತೂಸ್ ಪಟ್ಟಣದಲ್ಲಿ. 1091ರಲ್ಲಿ, ಮೂವತ್ತಮೂರರ ಆಸುಪಾಸಿನಲ್ಲೇ, ವಜೀರ ನಿಜಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಜಾಮಿಯ್ಯ ಮದರಸಾದ ಪ್ರಧಾನ ಅಧ್ಯಾಪಕರನ್ನಾಗಿ ನೇಮಿಸಿದ. ಆ ಕಾಲದ ವಿದ್ವಾಂಸನಿಗೆ ಅದಕ್ಕಿಂತ ಎತ್ತರದ ಪೀಠ ಹೆಚ್ಚೇನೂ ಇರಲಿಲ್ಲ. ನೂರಾರು ಶಿಷ್ಯರು, ಖಲೀಫನ ಆಸ್ಥಾನದಲ್ಲಿ ಗೌರವ. ಶಿಬಿರದ ಹಾಳೆ ಅವರ ಮುಂದಿಟ್ಟಿದ್ದರೆ ಗೆರೆ ತುಂಬುವುದಕ್ಕೆ ಇಪ್ಪತ್ತು ನಿಮಿಷ ಬೇಕಿರಲಿಲ್ಲ: ದೀನಿನ ವಿದ್ಯೆ ಕಲಿಸುವುದು. ಇದಕ್ಕಿಂತ ಒಳ್ಳೆಯ ಉದ್ದೇಶ ಯಾವುದು?

ನಾಲ್ಕು ವರ್ಷ ಕಳೆದ ಮೇಲೆ, 1095ರಲ್ಲಿ, ಅವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಂಡರು. ಈ ಪಾಠವನ್ನು ನಾನು ಯಾರಿಗಾಗಿ ಮಾಡುತ್ತಿದ್ದೇನೆ? ಒಳಗಿನಿಂದ ಬಂದ ಉತ್ತರ ಅವರಿಗೆ ಸಹಿಸಲಾಗಲಿಲ್ಲ. ಅಲ್ಲಾಹನಿಗಾಗಿ ಅಲ್ಲ, ಹೆಸರಿಗಾಗಿ, ಪದವಿಗಾಗಿ. ಸುಮಾರು ಆರು ತಿಂಗಳು ಬಿಡುವುದೋ ಇರುವುದೋ ಎಂದು ಒದ್ದಾಡಿದರು. ಬೆಳಗ್ಗೆ ಹೊರಡುವ ನಿರ್ಧಾರ, ಸಂಜೆಗೆ ಮನಸ್ಸು ಬದಲು. ಕೊನೆಗೆ ಪಾಠಕ್ಕೆ ಕುಳಿತರೆ ನಾಲಿಗೆಯೇ ಏಳದಂತಾಯಿತು. ಅನ್ನನೀರು ಗಂಟಲಿಗಿಳಿಯಲಿಲ್ಲ. ರೋಗ ದೇಹದ್ದಲ್ಲ, ಮನಸ್ಸಿನದು ಎಂದು ಹಕೀಮರು ಕೈಚೆಲ್ಲಿದರು. ಆಸ್ತಿ ಹಂಚಿ, ಮಕ್ಕಳಿಗೆ ಸಾಲುವಷ್ಟು ಉಳಿಸಿ, ಬಗ್ದಾದ್ ಬಿಟ್ಟರು.

ಇಲ್ಲಿ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಮನಸ್ಸಿನಲ್ಲಿ ಇದ್ದದ್ದು ಶಾಮ್ ದೇಶಕ್ಕೆ ಹೋಗುವುದು. ಊರವರಿಗೆ ಹೇಳಿದ್ದು ಮಕ್ಕಾಕ್ಕೆ ಹೋಗುತ್ತೇನೆಂದು. ನಿಯ್ಯತ್ ಶುದ್ಧ ಮಾಡಿಕೊಳ್ಳಲು ಹೊರಟ ಮನುಷ್ಯ ಹೊರಡುವುದಕ್ಕೇ ನಿಜ ಮರೆಮಾಚಬೇಕಾಯಿತು! ಅದನ್ನು ಅವರೇ ಬರೆದುಕೊಂಡಿದ್ದಾರೆ ಎಂಬುದಕ್ಕಾಗಿ ನನಗೆ ಅವರು ಇಷ್ಟ. ನಿಜಾಮುಲ್ ಮುಲ್ಕ್‌ನ ಕೊಲೆ 1092ರಲ್ಲೇ ಆಗಿತ್ತು, ಹಾಗಾಗಿ ಜೀವಭಯಕ್ಕೆ ಊರು ಬಿಟ್ಟರು ಎನ್ನುವ ಇತಿಹಾಸಕಾರರೂ ಇದ್ದಾರೆ. ಇರಬಹುದು. ಭಯ, ಭಕ್ತಿ, ಬೇಸರ ಇವು ಮನುಷ್ಯನ ಎದೆಯಲ್ಲಿ ಬೇರೆ ಬೇರೆ ಡಬ್ಬಿಗಳಲ್ಲಿ ಇರುವುದಿಲ್ಲ.

ದಮಾಸ್ಕಸ್, ಜೆರೂಸಲೇಮ್, ಹಜ್ ಎಲ್ಲ ಮುಗಿಸಿ ಅವರು ಊರಿಗೆ ಮರಳಿದರು. ಮಕ್ಕಳ ನೆನಪು ಎಳೆದು ತಂದಿತು ಎಂದು ಹೇಳಿಕೊಂಡಿದ್ದಾರೆ. ‘ಇಹ್ಯಾ’ದಂತಹ ಮಹಾಗ್ರಂಥ ಹುಟ್ಟಿದ್ದು ಈ ವರ್ಷಗಳಲ್ಲಿಯೇ. ನನಗೆ ಮುಖ್ಯವಾಗಿ ಕಾಣುವುದು 1106ರಲ್ಲಿ ಆದದ್ದು. ಹನ್ನೊಂದು ವರ್ಷದ ನಂತರ ಅವರು ನೈಸಾಬೂರಿನ ನಿಜಾಮಿಯ್ಯ ಮದರಸಾದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಬಿಟ್ಟು ಓಡಿದ ಕೆಲಸಕ್ಕೇ ವಾಪಸು! ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಅದೇ ಪೀಠ, ಅದೇ ವಿದ್ಯೆ, ಅದೇ ವಜೀರನ ಮನೆತನದ ಆಶ್ರಯ. ತಾನು ಮರಳಿದಂತೆ ಕಂಡರೂ ಮರಳಿಲ್ಲ, ಅಂದಿನ ಪಾಠ ಬೇರೆ ಇಂದಿನದು ಬೇರೆ ಎಂಬ ಅರ್ಥದ ಮಾತು ಅವರದು. ಓದುತ್ತಿದ್ದಂತೆ ಹಿತ್ತಲಿನಲ್ಲಿ ಅಬ್ಬಾ ಹೇಳಿದ್ದು ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಉದ್ದೇಶ ಎಂದರೆ ಎಲ್ಲೋ ಅಡಗಿರುವ ನಿಧಿ, ಸಿಕ್ಕಿದ ದಿನ ಬದುಕು ಸರಿಹೋಗುತ್ತದೆ ಎಂದು ಈಗಿನ ಶಿಬಿರಗಳು ನಂಬಿಸುತ್ತಿವೆ. ನನಗೆ ಹಾಗೆ ತೋರುವುದಿಲ್ಲ. ಬಹುಪಾಲು ಜನರಿಗೆ ಕೆಲಸ ಮೊದಲು ಸಿಗುತ್ತದೆ, ಅದೂ ಹೊಟ್ಟೆಯ ದೆಸೆಯಿಂದ. ಆ ಕೆಲಸದಲ್ಲಿ ನಾನು ಏನು ಬೆರೆಸುತ್ತಿದ್ದೇನೆ, ಯಾರ ಬಾಯಿಗೆ ಅದು ಹೋಗುತ್ತದೆ ಎಂದು ಕೇಳಿಕೊಳ್ಳುವಾಗ ಉದ್ದೇಶ ಕಣ್ಣಿಗೆ ಬೀಳುತ್ತದೆ. ಬುಖಾರಿಯವರ ಸಂಗ್ರಹ ನಿಯ್ಯತ್ ಕುರಿತ ಹದೀಸಿನಿಂದಲೇ ಆರಂಭವಾಗುವುದನ್ನು ಮದರಸಾದ ಮಕ್ಕಳೂ ಬಲ್ಲರು. ಅದರಲ್ಲಿ ಇಬ್ಬರು ಒಂದೇ ದಾರಿಯಲ್ಲಿ ಹಿಜ್ರತ್ ಹೋಗುತ್ತಾರೆ, ಆದರೆ ಅವರ ಪ್ರಯಾಣ ಒಂದೇ ಅಲ್ಲ.

ಕೆಲವರಿಗೆ ಉದ್ದೇಶ ಹೊರಗಿನಿಂದಲೇ ಬಂದು ಬಾಗಿಲು ತಟ್ಟುತ್ತದೆ. ಅಬ್ದುಲ್ ನಜೀರ್ ಸಾಬರನ್ನು ನೆನೆಯಿರಿ. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ಅವರ ಕೈಗೆ ಬಂತು. ಬರಗಾಲದ ಹಳ್ಳಿಗಳಲ್ಲಿ ಕೊಡ ಹಿಡಿದು ನಿಂತ ಹೆಂಗಸರೇ ಅವರ ಹಾಳೆಯ ಗೆರೆ ತುಂಬಿದರು. ಊರೂರಿಗೆ ಕೊಳವೆಬಾವಿ ಬಂತು. ಜನ ಅವರನ್ನು ‘ನೀರು ಸಾಬ್’ ಎಂದರು. 1988ರಲ್ಲಿ ತೀರಿಕೊಂಡರೂ ಆ ಹೆಸರು ಉಳಿದಿದೆ.

ದೊಡ್ಡವರ ಮಾತು ಸುಲಭ. ನನ್ನ ಮಾತಿಗೆ ಬರುತ್ತೇನೆ. ಓದುಗರು ಕ್ಷಮಿಸಬೇಕು.

2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಎಷ್ಟೋ ವರ್ಷ ಮುಂಚೆ, ನಮ್ಮ ಮೊಹಲ್ಲಾದ ಒಬ್ಬ ಹೆಣ್ಣುಮಗಳಿಗೆ ಗಂಡ ಒಂದೇ ಉಸಿರಿಗೆ ಮೂರು ತಲಾಖ್ ಹೇಳಿದ. ಹಿರಿಯರು ಕೂಡಿದರು. ಒಂದು ಕಾಗದ ಬರೆಯಿಸಿ, ಅಷ್ಟಿಷ್ಟು ದುಡ್ಡು ಕೊಡಿಸಿ, ಮಾತು ಮುಗಿಸಿದರು. ಆ ಸಂಗತಿಯ ಮೇಲೆ ನಾನು ಒಂದು ಕಥೆ ಬರೆದೆ. ಅದು ಹೆಸರು ತಂದಿತು. ಸಭೆಗಳಲ್ಲಿ ಓದಿಸಿದರು, ಶಾಲು ಹೊದಿಸಿದರು. ಮುಸ್ಲಿಂ ಸಮಾಜದ ಒಳಗಿನ ನೋವನ್ನು ಧೈರ್ಯವಾಗಿ ಬಿಚ್ಚಿಟ್ಟ ಲೇಖಕ ಎಂದರು. ನಾನು ತಲೆ ತಗ್ಗಿಸಿ ಕೇಳಿದೆ, ಒಳಗೊಳಗೆ ಹಿಗ್ಗಿದೆ. ಮುಂದಿನ ಕಥೆಗೂ ಅಂಥದೇ ವಸ್ತು ಹುಡುಕತೊಡಗಿದೆ. ಇದನ್ನು ಇಂದು ಹೇಳಲು ನಾಚಿಕೆಯಾಗುತ್ತದೆ.

ಒಂದು ದಿನ ಆಕೆ ನಮ್ಮ ಮನೆಗೆ ಬಂದರು. ಮಗಳಿಂದ ಕಥೆ ಓದಿಸಿ ಕೇಳಿದ್ದರಂತೆ. ಬೈಯಲಿಲ್ಲ. ಚಹಾ ಕುಡಿದು, ಏಳುವ ಹೊತ್ತಿಗೆ ಕೇಳಿದರು: “ಎಲ್ಲಾ ಆದ ಹಾಗೇ ಬರ್ದಿದೀರಿ ಭಾಯಿ. ಆದ್ರೆ ಆ ಕಾಗದ ಬರ್ದಿದ್ದು ನೀವೇ ಅಲ್ವಾ? ಅದ್ಯಾಕೆ ಕಥೇಲಿ ಬರ್ಲಿಲ್ಲ?”

ಹೌದು. ನನ್ನ ಉರ್ದು ಅಕ್ಷರ ಚೆನ್ನಾಗಿದೆಯೆಂದು ಹಿರಿಯರು ಆ ಕಾಗದವನ್ನು ನನ್ನ ಕೈಯಿಂದಲೇ ಬರೆಸಿದ್ದರು. ಇದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಅನ್ನಲಿಲ್ಲ. ಅಂಕುಡೊಂಕಿಲ್ಲದೆ ಸಾಲು ಎಳೆದು ಬರೆದೆ. ಕಥೆಯಲ್ಲಿ ಮೌಲ್ವಿ ಇದ್ದ, ಗಂಡ ಇದ್ದ, ಹಿರಿಯರಿದ್ದರು, ಕಾಗದವೂ ಇತ್ತು. ಬರೆದವನು ಮಾತ್ರ ಇರಲಿಲ್ಲ. ಕಥೆ ಹೊಳೆಯುತ್ತಿತ್ತು. ಅಬ್ಬಾ ಬದುಕಿದ್ದರೆ ಬಟ್ಟೆಯಿಂದ ಒಂದು ಸಲ ತಿಕ್ಕಿ ಕಪ್ಪು ಮಸಿ ತೋರಿಸುತ್ತಿದ್ದರು. ಸೀಸ ಬೆರೆತ ಕಲಾಯಿಯನ್ನು ಅವರು ಪತ್ತೆ ಮಾಡುತ್ತಿದ್ದುದು ಹಾಗೆ.

ಸುಮಾರು ಎರಡು ವರ್ಷ ನಾನು ಏನನ್ನೂ ಬರೆಯಲಿಲ್ಲ. ಗಝ್ಝಾಲಿಯವರಿಗೆ ಹೋಲಿಸಿಕೊಳ್ಳುತ್ತಿಲ್ಲ. ನನ್ನ ಊಟ ನಿಂತಿರಲಿಲ್ಲ, ಸಂಬಳದ ನೌಕರಿಯೂ ಇತ್ತು.

ಇಷ್ಟನ್ನು ಕೇಳಿದ ಅಕ್ಕನ ಮಗ ಒಂದು ಪ್ರಶ್ನೆ ಎತ್ತಿದ. ಸ್ಟೀಲ್ ಬಂದು ಕಲಾಯಿ ಕಸುಬೇ ಹೋಯಿತಲ್ಲ, ಆಮೇಲೆ ನಾನಾನ ಉದ್ದೇಶ ಏನಾಯಿತು? ಹುಡುಗ ಬುದ್ಧಿವಂತ. ನಾನು ತಪ್ಪಿಸಿಕೊಳ್ಳುತ್ತಿದ್ದ ಜಾಗಕ್ಕೇ ಕೈ ಹಾಕಿದ. ಕಸುಬು ನಿಂತ ಮೇಲೆ ಅಬ್ಬಾ ಬಹಳ ದಿನ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದರು. ಮಾತಿಲ್ಲ, ಯಾರ ಮೇಲೂ ಸಿಟ್ಟೂ ಇಲ್ಲ. ಅದು ನೋಡಲಾಗುತ್ತಿರಲಿಲ್ಲ. ಕೆಲಸ ಕಿತ್ತುಕೊಂಡ ಮೇಲೂ ಉದ್ದೇಶ ಹಾಗೇ ಉಳಿಯುತ್ತದೆ ಎಂದು ಭಾಷಣ ಮಾಡುವವರಿಗೆ ಆ ಜಗುಲಿ ತೋರಿಸಬೇಕು. ಆಮೇಲೆ, ಯಾರೂ ಕರೆಯದೆಯೇ, ಮದುವೆ ಮನೆಗಳಿಗೆ ಹೋಗಿ ಬಿರಿಯಾನಿಯ ತಾಮ್ರದ ದೇಗ್‌ಗಳನ್ನು ಬಗ್ಗಿ ನೋಡತೊಡಗಿದರು. ಅವಕ್ಕೆ ಇಂದಿಗೂ ಕಲಾಯಿ ಬೇಕು. ಸವೆದಿದ್ದರೆ “ಇದ್ರಲ್ಲಿ ಮೊಸರು ಹಾಕ್ಬೇಡಿ” ಎನ್ನುತ್ತಿದ್ದರು. ಕೆಲವರು ಕೇಳುತ್ತಿದ್ದರು. ಒಬ್ಬ ಸಿರಿವಂತರು ಎಲ್ಲರೆದುರು ಅವರನ್ನು ಹೊರಗೆ ಕಳಿಸಿದರು. ಮುಂದಿನ ಮದುವೆಗೂ ಅಬ್ಬಾ ಹೋದರು.

ಹುಡುಗ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಗೆರೆ ಖಾಲಿಯೇ ಇತ್ತು. ಆದರೆ ಆ ರಾತ್ರಿ ಊಟ ಮಾಡಿದ.

ಆ ಹಳೆಯ ಕಥೆಯನ್ನು ನಾನು ಮತ್ತೆ ಬರೆಯುತ್ತಿದ್ದೇನೆ. ನಾಲ್ಕು ಪುಟ ಆಗಿದೆ. ಹಿರಿಯರು ಕಾಗದ, ಲೇಖನಿ ಮುಂದಿಟ್ಟು, “ನೀನೇ ಬರಿಯಪ್ಪ, ನಿನ್ನ ಅಕ್ಷರ ಚೆಂದ” ಎನ್ನುವಲ್ಲಿಗೆ ಬಂದು ನಿಂತಿದೆ. ಮುಗಿದ ಮೇಲೆ ಯಾವ ಸಂಪಾದಕರಿಗೂ ಕಳಿಸುವ ಮುಂಚೆ ಅದನ್ನು ಆಕೆಗೆ ಓದಿ ಹೇಳಬೇಕು. ಆಕೆ ಈಗ ಹಾಸನದಲ್ಲಿ, ಮಗಳ ಮನೆಯಲ್ಲಿದ್ದಾರೆ.